ಗಂಡುವೇಷದ ಬೋಂಗ್ಚೀ ಮತ್ತು ದೇವರ ಒಪ್ಪಿಗೆ

ಹೈಬೆ ಊರಿನ ಓಂಗ್ಯಾ ದೇವರು ಬಾಯಿ ಬಿಟ್ಟು ಮಾತಾಡುವುದಿಲ್ಲ. ಅವನನ್ನು ಏನಾದರೂ ಕೇಳಬೇಕೆಂದರೆ ಎದುರಿಗೆ ಮಂಡಿಯೂರಿ ಎರಡು ಮರದ ತುಂಡುಗಳನ್ನು ನೆಲಕ್ಕೆ ಎಸೆಯಬೇಕು. ಅರ್ಧಚಂದ್ರದ ಆಕಾರ, ಕೆಂಪು ಬಣ್ಣ, ಒಂದು ಮೈ ಚಪ್ಪಟೆ, ಇನ್ನೊಂದು ಉಬ್ಬು. ಒಂದು ಅಂಗಾತ, ಒಂದು ಕವುಚಿ ಬಿದ್ದರೆ ದೇವರು ಒಪ್ಪಿದ. ಎರಡೂ ಕವುಚಿದರೆ ಒಪ್ಪಲಿಲ್ಲ. ಎರಡೂ ಅಂಗಾತ ಬಿದ್ದು ತೊಟ್ಟಿಲಿನ ಹಾಗೆ ತೂಗಿದರೆ ದೇವರು ನಗುತ್ತಿದ್ದಾನೆ, ನೀನು ಕೇಳಿದ ರೀತಿ ಸರಿಯಿಲ್ಲ ಮಾರಾಯ ಎನ್ನುತ್ತಿದ್ದಾನೆ ಎಂದು ಲೆಕ್ಕ. ದೊಡ್ಡ ವಿಷಯಕ್ಕೆ ಒಂದರ ಹಿಂದೆ ಒಂದು ಮೂರು ಒಪ್ಪಿಗೆ ಬೇಕು. ಮಗಳ ಸಂಬಂಧ, ದೋಣಿ ಖರೀದಿ, ದೇವಸ್ಥಾನದ ಮಾಡಿನ ರಿಪೇರಿ, ಎಲ್ಲವೂ ಹೀಗೇ ಇತ್ಯರ್ಥ. ಬೋಂಗ್ಚೀಯ ಕೆಲಸ ಹೋದದ್ದೂ ಹೀಗೇ.

ಬೋಂಗ್ಚೀ ಹರಕೆ ಆಟದ ಮೇಳದಲ್ಲಿ ಗಂಡುವೇಷ ಮಾಡುವವಳು. ಅರವತ್ತು ದಾಟಿದ ಹೆಂಗಸು. ಮೊಣಕಾಲಿಗೆ ನೋವಿನ ಪಟ್ಟಿ ಅಂಟಿಸಿಕೊಂಡು, ಕಂಬಿ ಹಿಡಿದು, ಮೇಳದ ಲಾರಿ ಹತ್ತುತ್ತಾಳೆ. ಮುಖಕ್ಕೆ ಬಣ್ಣ ಹಚ್ಚಿ, ಹುಬ್ಬನ್ನು ನೆತ್ತಿಯ ಕಡೆಗೆ ಎಳೆದು ಕಟ್ಟಿ, ತೆರೆ ಸರಿಸಿ ಹೊರಗೆ ಬಂದಳೆಂದರೆ ಇಪ್ಪತ್ತರ ರಾಜಕುಮಾರ. ತೈವಾನಿನ ಪಶ್ಚಿಮ ಕರಾವಳಿಯ ಸಿಂಪಿ ಬೆಳೆಯುವ ಊರುಗಳಲ್ಲಿ ಮೊಮ್ಮಕ್ಕಳನ್ನು ಕಂಡ ಹೆಂಗಸರು ಇವತ್ತಿಗೂ ಅವಳನ್ನು ನೋಡಿದರೆ ಬಾಯಿಗೆ ಕೈ ಅಡ್ಡ ಇಟ್ಟು ನಾಚಿಕೊಳ್ಳುತ್ತಾರೆ. ವೇಷದ ಒಳಗಿರುವುದು ತಮ್ಮ ಹಾಗೇ ಮೊಣಕಾಲು ನೋವಿನ ಹೆಂಗಸು ಎಂದು ಗೊತ್ತು. ಆದರೂ ನಾಚುತ್ತಾರೆ. ಆ ನಾಚಿಕೆಗೆ ಪಿಂಚಣಿ ಕೊಡುವ ಕಾನೂನು ಇನ್ನೂ ಬಂದಿಲ್ಲ.

ಅವಳು ಹುಟ್ಟಿದಾಗ ಮನೆಯಲ್ಲಿ ಆಗಲೇ ಹೆಣ್ಣುಮಕ್ಕಳ ಸಾಲು ನಿಂತಿತ್ತು. ಬೋಂಗ್ಚೀ ಎಂದರೆ "ಇರಲಿ, ಹೇಗೋ ಸಾಕೋಣ" ಎಂದು ಅರ್ಥ. ಬೇಡದೆ ಬಂದ ಹೆಣ್ಣುಕೂಸಿಗೆ ಆ ಕಾಲದಲ್ಲಿ ಇಡುತ್ತಿದ್ದ ಹೆಸರು. ಹೇಗೋ ಸಾಕುವುದೂ ಆಗಲಿಲ್ಲ. ಹಾಲುಹಲ್ಲು ಬೀಳುವ ವಯಸ್ಸಿಗೆ ಅಪ್ಪ ಅವಳನ್ನು ಒಂದು ಮೇಳಕ್ಕೆ ಕರಾರಿನ ಮೇಲೆ ಬಿಟ್ಟು ಹೋದ. ಕಾಲು ನೆತ್ತಿಗೆ ತಾಗುವವರೆಗೆ ಅನ್ನವಿಲ್ಲ ಎಂಬುದು ಅಲ್ಲಿನ ಪಾಠಕ್ರಮ. ಕಾಲು ಬೇಗ ನೆತ್ತಿಗೆ ತಾಗಿತು, ಯಾಕೆಂದರೆ ಹಸಿವು ದೊಡ್ಡದಿತ್ತು. ದನಿ ದಪ್ಪವಾಗಿದ್ದುದರಿಂದ ಗಂಡುವೇಷಕ್ಕೆ ಹಾಕಿದರು. ಹೀಗೆ ಗಂಡಾಗಿ ಹುಟ್ಟಲಿಲ್ಲವೆಂದು ಹೊರಗೆ ಹೋದವಳು ಗಂಡಾಗಿಯೇ ಅನ್ನ ಸಂಪಾದಿಸತೊಡಗಿದಳು. ಅಪ್ಪ ಒಮ್ಮೆ ಆಟ ನೋಡಲು ಬಂದವನು ಮಗಳನ್ನು ಗುರುತಿಸದೆ, ಆ ರಾಜಕುಮಾರ ಯಾರ ಮನೆಯ ಹುಡುಗನಪ್ಪ ಎಂದು ಪಕ್ಕದವರನ್ನು ಕೇಳಿದನಂತೆ. ಇದನ್ನು ಹೇಳುವಾಗ ಬೋಂಗ್ಚೀ ಹೊಟ್ಟೆ ಹಿಡಿದು ನಗುತ್ತಾಳೆ. ಕೇಳುವವರಿಗೆ ನಗು ಬರುವುದಿಲ್ಲ.

ಆಗ ಪೇಟೆಯಲ್ಲಿ ಮೇಳಗಳಿಗೆ ಚಾವಣಿಯ ಕೆಳಗೆ ರಂಗಮಂದಿರಗಳಿದ್ದವು. ಟೀವಿ ಬಂತು, ರಂಗಮಂದಿರಗಳು ಗೋದಾಮುಗಳಾದವು, ಮೇಳಗಳು ದೇವಸ್ಥಾನಗಳ ಅಂಗಳಕ್ಕೆ ಬಂದು ಬಿದ್ದವು. ಆಮೇಲೆ ಊರಿಗೆ ಊರೇ ನಂಬರಿನ ಜೂಜಿಗೆ ಮರುಳಾದ ವರ್ಷಗಳು. ಜನ ದೇವರ ಹತ್ತಿರ ನಂಬರು ಕೇಳುತ್ತಿದ್ದರು. ಗೆದ್ದವನು ದೇವರಿಗೆ ಆಟ ಆಡಿಸುತ್ತಿದ್ದ. ಸೋತವನು ಮನೆದೇವರ ಮೂರ್ತಿಯನ್ನು ಒಯ್ದು ಹೊಳೆದಡದಲ್ಲಿ ಎಸೆದು ಬರುತ್ತಿದ್ದ. ಬೋಂಗ್ಚೀ ಗೆದ್ದವನ ಆಟ ಮುಗಿಸಿ, ಸೋತವನ ದೇವರ ಪಕ್ಕದಲ್ಲಿ ಕೂತು ಬುತ್ತಿ ಉಂಡದ್ದುಂಟು. ಹರಕೆ ಆಟದ ಸುವರ್ಣಕಾಲ ಎಂದು ಈಗ ಸಭೆಗಳಲ್ಲಿ ಕಣ್ಣು ತೇವ ಮಾಡಿಕೊಳ್ಳುತ್ತಾರಲ್ಲ, ಆ ಸುವರ್ಣಕ್ಕೆ ಅನ್ನ ಹಾಕಿದ್ದು ಜೂಜು. ಪರಂಪರೆ ಉಳಿಯಬೇಕು ಎಂದು ಮೈಕು ಹಿಡಿಯುವವರಿಗೆ ಬರವಿಲ್ಲ. ಪರಂಪರೆ ಮಧ್ಯಾಹ್ನ ಊಟ ಮಾಡಿತೇ ಎಂದು ಕೇಳುವವರು ಮಾತ್ರ ಇಲ್ಲ.

ಜೂಜು ನಿಂತ ಮೇಲೆ ಆಟಗಳು ಸೊರಗಿದವು. ಈಗ ಬೋಂಗ್ಚೀ ಇರುವುದು ಕಿಮ್ಸಾಯ್ ಎಂಬವನ ಮೇಳದಲ್ಲಿ. ಅವನೇ ಮೇಳದ ಯಜಮಾನ, ಅವನೇ ಲಾರಿ ಚಾಲಕ, ಅವನೇ ಮದ್ದಳೆಗಾರ. ಲಾರಿಯ ಒಂದು ಪಕ್ಕ ತೆರೆದು ಮಡಚಿದರೆ ಅದೇ ರಂಗಸ್ಥಳ, ಅದರ ಅಡಿಯಲ್ಲಿ ಜೋಲಿ ಕಟ್ಟಿದರೆ ಅದೇ ಮಲಗುವ ಕೋಣೆ. ಈ ಮೇಳದಲ್ಲಿ ಬರೆದಿಟ್ಟ ಮಾತು ಎಂಬುದಿಲ್ಲ. ಊಟದ ಹೊತ್ತಿಗೆ ಕಿಮ್ಸಾಯ್ ಬಾಯಲ್ಲಿ ಅನ್ನ ಇಟ್ಟುಕೊಂಡೇ ಪ್ರಸಂಗ ಹೇಳುತ್ತಾನೆ: ಇವತ್ತು ಒಬ್ಬ ರಾಜ, ಒಬ್ಬ ದುಷ್ಟ ಮಾವ, ಸೇನಾಪತಿಗೆ ಗಡಿಪಾರು, ಕೊನೆಗೆ ಎಲ್ಲರೂ ಸೇರಬೇಕು. ಅಷ್ಟೇ. ಹಾಡು, ಮಾತು, ಅಳು, ಜಗಳ ಎಲ್ಲ ವೇಷಧಾರಿಗಳೇ ನಿಂತಲ್ಲಿ ಹುಟ್ಟಿಸಬೇಕು. ರಂಗಸ್ಥಳ ದೇವರಿಗೆ ಮುಖ ಮಾಡಿರಬೇಕು. ಆಟ ದೇವರಿಗೆ. ನಡುವೆ ಹಾಕಿದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಜನ ಕೂತರೆ ಸರಿ, ಕೂರದಿದ್ದರೂ ನಿಲ್ಲಿಸುವಂತಿಲ್ಲ. ಮಳೆಯಲ್ಲಿ ಒಂದು ನಾಯಿಯೂ ಇಲ್ಲದ ಅಂಗಳಕ್ಕೆ ಬೋಂಗ್ಚೀ ಎಷ್ಟೋ ಸಲ ಪ್ರೇಮನಿವೇದನೆ ಮಾಡಿದ್ದಾಳೆ.

ಬೇಸಿಗೆಯಲ್ಲಿ ತಗಡಿನ ರಂಗಸ್ಥಳ ಕಾದ ಕಾವಲಿ. ಮೈಮೇಲೆ ಸೇನಾಪತಿಯ ಕವಚ, ಬೆನ್ನಿಗೆ ಬಾವುಟಗಳು. ಕವಚ ಬಿಚ್ಚಿ ಕಟ್ಟುವುದಕ್ಕೆ ಹೊತ್ತು ಹಿಡಿಯುವುದರಿಂದ ಪಾಯಿಖಾನೆಗೆ ಹೋಗುವಂತಿಲ್ಲ. ಹೋಗುವಂತಿಲ್ಲದ್ದರಿಂದ ನೀರು ಕುಡಿಯುವಂತಿಲ್ಲ. ಸಾಮ್ರಾಜ್ಯಗಳನ್ನು ಗೆದ್ದ ಸೇನಾಪತಿ ಒಂದು ಲೋಟ ನೀರಿಗೆ ಹೆದರಿಕೊಂಡು ನಿಂತಿರುತ್ತಾನೆ. ಆಟವಿಲ್ಲದ ತಿಂಗಳುಗಳಲ್ಲಿ ಬೋಂಗ್ಚೀ ಸಾವಿನ ಮನೆಗಳಿಗೆ ಅಳಲು ಹೋಗುತ್ತಾಳೆ. ಮಕ್ಕಳು ದೂರದ ಪೇಟೆಯಲ್ಲಿದ್ದು ಕಣ್ಣೀರಿಗೆ ಪುರುಸೊತ್ತಿಲ್ಲದಿದ್ದರೆ ಅವರ ಪರವಾಗಿ ಬಿಳಿ ಬಟ್ಟೆ ಹಾಕಿ, ಮೈಕು ಹಿಡಿದು, ತೆವಳಿಕೊಂಡು ಹೋಗಿ ಅಳುವುದು. ಯಾರ್ಯಾರದೋ ಅಪ್ಪಂದಿರಿಗೆ ಅತ್ತು ಅತ್ತು ದನಿ ಒಡೆದಿದೆ. ತನ್ನ ಅಪ್ಪ ಸತ್ತಾಗ ಅವಳು ಅಳಲಿಲ್ಲವಂತೆ. ಆವತ್ತು ರಜೆ ತಗೊಂಡೆ ಎನ್ನುತ್ತಾಳೆ.

ಇಷ್ಟರ ನಡುವೆ ಮೇಳಕ್ಕೆ ಗಟ್ಟಿಯಾಗಿ ಉಳಿದಿದ್ದ ಖಾಯಂ ಆಟವೆಂದರೆ ಹೈಬೆಯದು. ಓಂಗ್ಯಾ ದೇವರ ಹುಟ್ಟುಹಬ್ಬಕ್ಕೆ ಪ್ರತಿ ವರ್ಷ ಕಿಮ್ಸಾಯ್‌ನ ಮೇಳವೇ. ಆ ವೀಳ್ಯ ಒಂದು ಇದ್ದರೆ ಉಳಿದ ವರ್ಷ ಹೇಗೋ ತೇಲಿಹೋಗುತ್ತದೆ. ಅದು ಹೋದರೆ ಲಾರಿ ಮಾರುವುದೇ ಎಂದು ಕಿಮ್ಸಾಯ್ ಮೊದಲೇ ಹೇಳಿದ್ದ. ಮಾವಿನಹಣ್ಣಿನ ವ್ಯಾಪಾರಿಯೊಬ್ಬ ಲಾರಿಯ ಚಕ್ರಗಳನ್ನು ಒದ್ದು ನೋಡಿಯೂ ಹೋಗಿದ್ದ.

ಹೈಬೆಯಲ್ಲಿ ಮೇಳ ಕರೆಸುವುದು ಧೂಪದ ಯಜಮಾನನ ಕೆಲಸ. ಹುಟ್ಟುಹಬ್ಬದ ಸಂಜೆ ಊರಿನ ಮನೆಯವರೆಲ್ಲ ಸಾಲಾಗಿ ಬಂದು ಮರದ ತುಂಡು ಎಸೆಯುತ್ತಾರೆ. ಯಾರಿಗೆ ಒಂದೇ ಸಮನೆ ಹೆಚ್ಚು ಒಪ್ಪಿಗೆ ಬೀಳುತ್ತದೋ ಅವನು ಮುಂದಿನ ವರ್ಷದ ಯಜಮಾನ. ದೇವರ ಧೂಪದ ಪಾತ್ರೆ ವರ್ಷವಿಡೀ ಅವನ ಮನೆಯಲ್ಲಿರುತ್ತದೆ. ಆ ವರ್ಷ ಅದು ಬಿದ್ದದ್ದು ಐಸ್ ಫ್ಯಾಕ್ಟರಿಯ ಬುನ್ಪಿನ್‌ಗೆ. ಕೆಟ್ಟವನಲ್ಲ. ಕಾಲಕ್ಕೆ ತಕ್ಕ ಹಾಗೆ ಬದುಕಬೇಕು ಎನ್ನುವವನು, ಮತ್ತು ದೊಡ್ಡ ಎಲ್‌ಇಡಿ ಪರದೆ ಬಾಡಿಗೆಗೆ ಕೊಡುವ ಭಾವಮೈದುನನನ್ನು ಹೊಂದಿದವನು. ಇವೆರಡೂ ಒಂದೇ ಮನುಷ್ಯನಲ್ಲಿ ಕೂಡಿದರೆ ಏನಾಗಬೇಕೋ ಅದೇ ಆಯಿತು.

ಅವನು ಶ್ರದ್ಧೆಯಿಂದಲೇ ದೇವರನ್ನು ಕೇಳಿದ. ಈ ಸಲ ಆಟದ ಬದಲು ಪರದೆ ಹಾಕೋಣವೇ ಎಂದ. ಎರಡೂ ತುಂಡು ಕವುಚಿ ಬಿದ್ದವು. ಸಣ್ಣ ಪರದೆ ಎಂದು ಸಿಟ್ಟೋ, ದೊಡ್ಡದನ್ನೇ ತರಿಸುತ್ತೇನೆ ಎಂದ. ದೇವರು ನಕ್ಕ. ದೊಡ್ಡ ಪರದೆ, ಎರಡು ಕಡೆ ಸ್ಪೀಕರು, ಅದರಲ್ಲಿ ಬೋಂಗ್ಚೀ ಅಕ್ಕನ ಆಟವನ್ನೇ ತೋರಿಸುತ್ತೇವೆ ಎಂದ. ಒಂದು ಅಂಗಾತ, ಒಂದು ಕವುಚಿ. ಮತ್ತೆ ಹಾಗೆಯೇ. ಮತ್ತೊಮ್ಮೆಯೂ ಹಾಗೆಯೇ. ದೇವರು ಒಪ್ಪಿದ್ದು ಪರದೆಗೋ ಬೋಂಗ್ಚೀಯ ಹೆಸರಿಗೋ ಎಂದು ಯಾರೂ ಕೇಳಲಿಲ್ಲ. ಮರದ ತುಂಡಿಗೆ ಭಾವಮೈದುನ ಇರುವುದಿಲ್ಲ, ಎಸೆಯುವವನಿಗೆ ಇರುತ್ತಾನೆ ಎಂಬುದನ್ನೂ ಯಾರೂ ಹೇಳಲಿಲ್ಲ.

ಸುದ್ದಿ ತಂದ ಕಿಮ್ಸಾಯ್, ಸಾವಿನ ಮನೆಯೊಂದರ ಹಿತ್ತಿಲಲ್ಲಿ ಬಿಳಿ ಬಟ್ಟೆ ಕಳಚುತ್ತಿದ್ದ ಬೋಂಗ್ಚೀಗೆ ಅದನ್ನು ಹೇಳಿದ. ಯಾವ ಆಟ ತೋರಿಸುತ್ತಾರಂತೆ ಎಂದು ಅವಳು ಕೇಳಿದಳು. ಹಿಂದೊಮ್ಮೆ ಕಾಲೇಜು ಹುಡುಗಿಯೊಬ್ಬಳು ಕ್ಯಾಮೆರಾ ತಂದು ಅವಳ ಆಟ ಪೂರ್ತಿ ಹಿಡಿದು ಇಂಟರ್ನೆಟ್ಟಿಗೆ ಹಾಕಿದ್ದಳಲ್ಲ, ಅದೇ. ಆವತ್ತು ಬೋಂಗ್ಚೀ ಖುಷಿಯಾಗಿ ಆ ಹುಡುಗಿಗೆ ಪಪ್ಪಾಯಿ ಹಾಲು ಕೊಡಿಸಿದ್ದಳು.

"ನಂಗೆ ಪೈಪೋಟಿ ಯಾರು ಗೊತ್ತೇನೋ? ನಾನೇ," ಎಂದಳು. "ವಯಸ್ಸಲ್ಲಿ ಚಿಕ್ಕೋಳು, ದನಿ ಚೆನ್ನಾಗಿದೆ, ಬುತ್ತಿ ಕೇಳಲ್ಲ. ನಾನಾದ್ರೂ ಅವಳನ್ನೇ ಕರೀತಿದ್ದೆ."

ಕಿಮ್ಸಾಯ್ ನಗಲಿಲ್ಲ. ಮಾವಿನಹಣ್ಣಿನವನಿಗೆ ಏನು ಹೇಳಲಿ ಎಂದ. ಹಬ್ಬ ಕಳೆಯಲಿ ಎಂದಳು.

ಹಬ್ಬಕ್ಕೆ ಸ್ವಲ್ಪ ಮೊದಲು ಬುನ್ಪಿನ್‌ನಿಂದ ಫೋನು ಬಂತು. ಒಂದು ಸಣ್ಣ ತೊಡಕು. ಪ್ರತಿ ಆಟದ ಮೊದಲು ಅಮರರ ಪೂಜೆ ಎಂಬುದೊಂದಿದೆ. ವೇಷಧಾರಿಗಳು ಸ್ವರ್ಗದ ಅಮರರ ವೇಷ ಕಟ್ಟಿ ಬಂದು, ದೇವರ ಹೆಸರು, ಊರಿನ ಹೆಸರು ಹೇಳಿ ಹರಸುತ್ತಾರೆ. ಅದರ ಕೊನೆಗೆ ರಾಜನು ನಡೆಸುವ ಪರೀಕ್ಷೆಯಲ್ಲಿ ಗೆದ್ದ ಪಂಡಿತನ ವೇಷ, ಕೆಂಪು ಬಟ್ಟೆ ಸುತ್ತಿದ ಗೊಂಬೆ ಮಗುವನ್ನು ಎತ್ತಿಕೊಂಡು ರಂಗಸ್ಥಳದಿಂದ ಇಳಿದು, ಅಂಗಳ ದಾಟಿ, ಗರ್ಭಗುಡಿಯ ಮೇಜಿನ ಮೇಲೆ ದೇವರ ಎದುರು ಕೂರಿಸಬೇಕು. ಆ ಮಗು ದೇವರ ಹತ್ತಿರ ಹೋಗದಿದ್ದರೆ ಹರಕೆ ಸಂದಂತೆ ಅಲ್ಲ. ಪರದೆಯ ಪಂಡಿತ ಪರದೆಯಿಂದ ಇಳಿಯುವವನಲ್ಲ. ಆದ್ದರಿಂದ ಅಕ್ಕ ಒಂದು ಗಳಿಗೆ ಬಂದು, ಮಗುವನ್ನು ಒಯ್ದು ಕೂರಿಸಿ ಹೋಗಬಹುದೇ. ಬರೀ ನಡೆಯುವುದು. ಮಾತು ಹಾಡು ಏನೂ ಬೇಡ.

ಬೋಂಗ್ಚೀ ಒಪ್ಪಿದಳು. ಕಿಮ್ಸಾಯ್‌ಗೆ ಕೋಪ ಬಂತು, ನಿಂಗೆ ಮಾನ ಇಲ್ವಾ ಅಕ್ಕ ಎಂದ. ಮಾನ ಇದೆ, ಬಾಡಿಗೆ ಮನೆಯೂ ಇದೆ, ಎರಡನ್ನೂ ನೋಡ್ಕೋಬೇಕು ಎಂದಳು. ಹೊಟ್ಟೆಪಾಡಿನ ಕಲಾವಿದರನ್ನು ಕಂಡು "ಇಷ್ಟಕ್ಕೂ ಇಳಿದರೇ" ಎಂದು ಹಲುಬುವ ಸಜ್ಜನರು ಈ ಮಾತನ್ನು ಬರೆದಿಟ್ಟುಕೊಳ್ಳಲಿ.

ಹಬ್ಬದ ಮಧ್ಯಾಹ್ನ ಅಂಗಳದಲ್ಲಿ ಬಿಸಿಲು ಸುರಿಯುತ್ತಿತ್ತು. ಕಿಮ್ಸಾಯ್ ಅವಳನ್ನು ಲಾರಿಯಲ್ಲೇ ಕರೆತಂದು ಬಿಟ್ಟು, ತಾನು ಸಿಂಪಿ ಶಾವಿಗೆ ತಿನ್ನುವ ನೆಪದಲ್ಲಿ ಓಣಿಯ ಅಂಗಡಿಗೆ ಹೋಗಿ ಬೆನ್ನು ಹಾಕಿ ಕೂತ. ಪರದೆ ದೇವಸ್ಥಾನಕ್ಕೆ ಮುಖ ಮಾಡಿ ನಿಂತಿತ್ತು, ಎರಡಂತಸ್ತಿನ ಮನೆಯಷ್ಟು ಎತ್ತರ. ಎದುರಿಗೆ ನೆರಳಿನ ಬಟ್ಟೆಯಡಿ ಸಿಂಪಿ ಬಿಡಿಸುವ ಹೆಂಗಸರು ಎಂದಿನಂತೆ ಕೆಲಸವನ್ನು ಜೊತೆಗೇ ತಂದು ಕೂತಿದ್ದರು. ಕಾಲಬುಡದಲ್ಲಿ ಸಿಂಪಿಯ ರಾಶಿ, ಕೈಯಲ್ಲಿ ಗಿಡ್ಡ ಚೂರಿ. ಅವರ ನಾಯಕಿ ಆಪೂ ಅಜ್ಜಿ. ಮದುವೆಗೆ ಮೊದಲು ಬೋಂಗ್ಚೀಯ ರಾಜಕುಮಾರನ ಹಿಂದೆ ಊರೂರು ಸುತ್ತಿ ಅಪ್ಪನಿಂದ ಹೊಡೆಸಿಕೊಂಡವಳು. ಮೊದಲ ಸಾಲಿನ ನಡುವಿನ ಕುರ್ಚಿ ಅವಳದು, ಅದನ್ನು ಯಾರೂ ಪ್ರಶ್ನಿಸುವುದಿಲ್ಲ.

ಬೋಂಗ್ಚೀ ಪಂಡಿತನ ಕೆಂಪು ನಿಲುವಂಗಿ ತೊಟ್ಟು, ಗೊಂಬೆಯನ್ನು ತೋಳಲ್ಲಿ ಹಿಡಿದು, ಪರದೆಯ ಕಾಲಬುಡದಲ್ಲಿ ನಿಂತಳು. ಪರದೆ ಹೊತ್ತಿಕೊಂಡಿತು. ತಾನು, ಆದರೆ ಮನೆಯಷ್ಟು ದೊಡ್ಡದು. ಮೊಣಕಾಲು ನೋವಿಲ್ಲದ ಒಂದು ಜಿಗಿತ. ಒಡೆಯದ ದನಿ. ಇವಳು ಚೆನ್ನಾಗಿ ಹಾಡ್ತಾಳಲ್ಲ ಎಂದು ಒಂದು ಗಳಿಗೆ ಮರೆತು ನಿಂತವಳ ಕಣ್ಣು ಪರದೆಯವಳು ತೊಟ್ಟ ನಿಲುವಂಗಿಯ ಮೇಲೆ ಬಿತ್ತು. ಹಸಿರು ಅಂಗಿ, ತೋಳಿನ ಅಂಚು ಸುಟ್ಟು ತೇಪೆ ಹಾಕಿದ್ದು. ಆ ತೋಳು ಸುಟ್ಟದ್ದು ಟೋಂಗ್ಲುನ್‌ನಲ್ಲಿ, ಪಟಾಕಿಯಿಂದ. ತೇಪೆ ಹಾಕಿದ್ದೂ ಅಲ್ಲೇ, ಲಾರಿಯಡಿಯಲ್ಲಿ ಕೂತು. ಪಪ್ಪಾಯಿ ಹಾಲು ಕೊಡಿಸಿದ್ದೂ ಅಲ್ಲೇ.

ಟೋಂಗ್ಲುನ್ ಪಕ್ಕದೂರು. ಅಲ್ಲಿಯೂ ಒಬ್ಬ ಓಂಗ್ಯಾ ಇದ್ದಾನೆ, ಅವನ ಮನೆತನವೇ ಬೇರೆ. ಹಿಂದೆ ಟೋಂಗ್ಲುನ್‌ನವರು ಕತ್ತಲಲ್ಲಿ ಬಂದು ಸಿಂಪಿ ಬೆಳೆಯಲು ಹೈಬೆಯವರು ಕಡಲಲ್ಲಿ ನೆಟ್ಟ ಬಿದಿರು ಗೂಟಗಳನ್ನು ಕಿತ್ತು ತಮ್ಮ ಕಡೆಗೆ ನೆಟ್ಟುಕೊಂಡರು ಎಂಬ ಜಗಳ ಇನ್ನೂ ಆರಿಲ್ಲ. ಎರಡೂ ಊರಿನವರು ಹೆಣ್ಣು ತರುವುದಿಲ್ಲ, ಕೊಡುವುದಿಲ್ಲ. ಮತ್ತು ಪರದೆಯ ಮೇಲಿನ ಅಮರರು ಇನ್ನೇನು ಒಬ್ಬೊಬ್ಬರಾಗಿ ಹಾಡಿ ಮುಗಿಸಿ, ಆವತ್ತಿನ ಊರಿನ ಹೆಸರು, ಆವತ್ತಿನ ದೇವರ ಹೆಸರು ಹೇಳಿ ಹರಸಲಿದ್ದರು.

ಬೋಂಗ್ಚೀ ಬುನ್ಪಿನ್‌ನ ಹತ್ತಿರ ಹೋದಳು. ಅವನು ಭಾವಮೈದುನನ ಜೊತೆ ಸ್ಪೀಕರಿನ ವೈರು ತಿರುಚುತ್ತಿದ್ದ. ತಮ್ಮಾ, ಒಂದು ಮಾತು ಎಂದಳು. ಅವನು ತಲೆ ಎತ್ತದೆ ಕೈ ಬೀಸಿದ. "ಸ್ವಲ್ಪ ಆ ಕಡೆ ನಿಂತಿರಿ ಅಕ್ಕ, ನಿಮ್ಮ ಸರದಿ ಬಂದಾಗ ಕರೀತೀನಿ."

ಅವಳು ಆ ಕಡೆ ಹೋಗಿ ನಿಂತಳು. ಒಂದು ಸಲ ಹೇಳಲು ಹೋದದ್ದು ಮನುಷ್ಯತ್ವ. ಎರಡನೇ ಸಲ ಹೇಳುವುದು ಮೇಲ್ವಿಚಾರಣೆಯ ಕೆಲಸ, ಅದಕ್ಕೆ ಅವಳನ್ನು ಯಾರೂ ಕರೆದಿರಲಿಲ್ಲ. ಅವಳನ್ನು ಕರೆದದ್ದು ನಡೆಯುವುದಕ್ಕೆ.

ಅಮರರು ಕೈ ಎತ್ತಿದರು. ಎರಡು ಕಡೆಯ ಸ್ಪೀಕರುಗಳಿಂದ ಬೋಂಗ್ಚೀಯ ಹಳೆಯ ದನಿ ಗಂಟೆಯ ಹಾಗೆ ಮೊಳಗಿತು: ಟೋಂಗ್ಲುನ್ ಊರಿನ ಲೀ ಮನೆತನದ ಓಂಗ್ಯಾ ದೇವರ ಹುಟ್ಟುಹಬ್ಬಕ್ಕೆ ನಾವು ಸ್ವರ್ಗದಿಂದ ಇಳಿದು ಬಂದಿದ್ದೇವೆ. ಟೋಂಗ್ಲುನ್‌ನ ಬಲೆಗಳು ತುಂಬಲಿ. ಟೋಂಗ್ಲುನ್‌ನ ಸಿಂಪಿಗಳು ಕೊಬ್ಬಲಿ. ಟೋಂಗ್ಲುನ್‌ನ ಗೂಟಗಳು ಅಲುಗದಿರಲಿ.

ಕೊನೆಯ ಸಾಲು ಆ ಊರಿನವರು ಕೇಳಿ ಸೇರಿಸಿಕೊಂಡದ್ದು.

ಚೂರಿಗಳು ಒಮ್ಮೆಗೇ ನಿಂತವು. ಆಪೂ ಅಜ್ಜಿ ಕೈಯಲ್ಲಿದ್ದ ಸಿಂಪಿಯನ್ನು ಬಕೆಟ್ಟಿಗೆ ಹಾಕಿ ನಿಧಾನಕ್ಕೆ ಎದ್ದಳು.

"ಏ ಬುನ್ಪಿನ್, ನಮ್ಮೂರ ದುಡ್ಡಲ್ಲಿ ಅವನಿಗೆ ಹಬ್ಬ ಮಾಡಿಸ್ತಿದೀಯಲ್ಲೋ. ಹಂಗೇ ಧೂಪದ ಪಾತ್ರೇನೂ ಹೊತ್ಕೊಂಡು ಹೋಗಿ ಅಲ್ಲೇ ಕೊಟ್ಬಾ."

ಭಾವಮೈದುನ ವೈರು ಕಿತ್ತ. ಪರದೆ ಕಪ್ಪಾಯಿತು. ಬುನ್ಪಿನ್ ಗರ್ಭಗುಡಿಗೆ ಓಡಿ ಮಂಡಿಯೂರಿದ. ಆ ತುಣುಕು ಬಿಟ್ಟು ಮುಂದಿನದು ಹಾಕಲೇ? ಎರಡೂ ಕವುಚಿದವು. ಬೇರೆ ಸಿನಿಮಾ ಹಾಕಲೇ? ಕವುಚಿದವು. ನಾಳೆ ಸರಿಮಾಡಲೇ? ಕವುಚಿದವು. ಅವನ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ತಿರುಗಿ ನೋಡಿದರೆ ಹೊಸ್ತಿಲಲ್ಲಿ ಕೆಂಪು ನಿಲುವಂಗಿಯ ಬೋಂಗ್ಚೀ, ತೋಳಲ್ಲಿ ಗೊಂಬೆ. ಅವಳ ಹಿಂದೆ ಚೂರಿ ಹಿಡಿದ ಹೆಂಗಸರು.

"ಅಕ್ಕ, ನೀವಾದ್ರೂ ಹೇಳಬಾರದಿತ್ತಾ?"

"ಹೇಳೋಕೇ ಬಂದಿದ್ದೆ. ಸರದಿ ಬಂದಾಗ ಕರೀತೀನಿ ಅಂದೆ. ಕಾಯ್ತಾ ಇದ್ದೆ."

ಮೇಳ ತರಿ ಅಕ್ಕ, ಈಗಲೇ ಆಟ ಶುರುಮಾಡಿ, ಏನು ಬೇಕಾದರೂ ಮಾಡಿ ಎಂದು ಬುನ್ಪಿನ್ ಕೈ ಮುಗಿದ. ಆಗಲಿ ಎಂದಳು. ಆಮೇಲೆ, ಇದು ಇವತ್ತಿನ ಮಾತಾಯ್ತು, ಮುಂದಿನ ವರ್ಷ ಹೇಗೆ ಎಂದು ಕೇಳಿದಳು. ಬುನ್ಪಿನ್‌ಗೆ ಹಾದಿ ಸಿಕ್ಕಿದಂತಾಯಿತು. ಅದಕ್ಕೇನಂತೆ, ದೇವರನ್ನೇ ಕೇಳಿಬಿಡೋಣ ಎನ್ನುತ್ತ ಮರದ ತುಂಡುಗಳನ್ನು ಎತ್ತಿಕೊಂಡ.

ಬೋಂಗ್ಚೀ ನೋಯುವ ಮೊಣಕಾಲನ್ನು ಮಡಚಿ ಅವನ ಪಕ್ಕದಲ್ಲಿ ಕೂತಳು. ಗೊಂಬೆಯನ್ನು ಮಡಿಲಿಗೆ ಹಾಕಿಕೊಂಡು ಅವನ ಕೈಯ ಮೇಲೆ ತನ್ನ ಕೈ ಇಟ್ಟಳು.

"ಅದನ್ನ ಕೆಳಗಿಡು."

"ಅಕ್ಕ?"

"ದೇವರ ತಲೆ ಮೇಲೆ ಹಾಕಬೇಡ. ಪರದೆ ತಂದೋನು ನೀನು. ನಮ್ಮನ್ನ ಬೇಡ ಅಂದೋನೂ ನೀನು, ಹೇಳಿಸಿದ್ದು ಮಾತ್ರ ಓಂಗ್ಯಾ ಬಾಯಲ್ಲಿ. ಹಲ್ಲು ಬೀಳೋ ವಯಸ್ಸಿಂದ ನೋಡ್ತಾ ಬಂದಿದೀನಿ. ಕೆಲಸ ಕೊಟ್ಟೋನೂ ದೇವರು, ಕಿತ್ಕೊಂಡೋನೂ ದೇವರು. ನಾನು ಹೋಗಿ ಯಾರ ಹತ್ರ ಜಗಳ ಆಡ್ಲಿ ಹೇಳು? ನಿಂಗೂ ಬಾಯಿದೆ. ನೀನು ಹೇಳು. ಮೇಳ ಬೇಕೋ, ಬೇಡ್ವೋ."

ಬುನ್ಪಿನ್ ತುಂಡುಗಳನ್ನು ಹಿಡಿದೇ ಇದ್ದ. ಅವು ಕೈಯಲ್ಲಿರುವಷ್ಟು ಹೊತ್ತು ಏನನ್ನೂ ತಾನು ಹೇಳಬೇಕಿಲ್ಲ ಎಂಬ ಅಭ್ಯಾಸ ಹೈಬೆಯ ಗಂಡಸರಿಗೆ ಹುಟ್ಟಿನಿಂದ ಬಂದದ್ದು. ಹೈಬೆಯೊಂದೇ ಏಕೆ. ಮಂಡಳಿ ತೀರ್ಮಾನಿಸಿತು, ಮಾರುಕಟ್ಟೆ ಕೇಳುತ್ತಿಲ್ಲ, ಜನರ ಅಭಿರುಚಿ ಬದಲಾಗಿದೆ ಎನ್ನುವವರ ಕೈಯಲ್ಲೂ ಇಂಥವೇ ಒಂದೊಂದು ಜೋಡಿ ತುಂಡು ಇರುತ್ತದೆ. ಕೊನೆಗೆ ಅವನು ಅವನ್ನು ಮೇಜಿನ ಮೇಲೆ ಇಟ್ಟ. ಮುಂದಿನ ವರ್ಷ ಯಜಮಾನ ಬೇರೆಯವನು, ತನ್ನ ಕೈಲಿ ಏನಿದೆ ಎಂದು ಗೊಣಗಿದ.

"ಅವನಿಗೆ ನೀನು ಹೇಳು," ಎಂದಳು ಬೋಂಗ್ಚೀ.

"ಸರಿ. ಬೇಕು ಅಕ್ಕ."

"ಕೇಳಿಸ್ಲಿಲ್ಲ," ಎಂದಳು ಹೊಸ್ತಿಲಿಂದ ಆಪೂ ಅಜ್ಜಿ.

"ಬೇಕು ಅಂದೆ."

"ನಂಗೆ ಒಂದು ಕಿವಿ ಮಂದ ಕಣಪ್ಪ. ಈ ಕಡೆ ತಿರುಗಿ ಹೇಳು."

ಬುನ್ಪಿನ್ ಹೆಂಗಸರ ಕಡೆ ತಿರುಗಿ, ಕಿವಿ ಕೆಂಪಗೆ ಮಾಡಿಕೊಂಡು, ಗಟ್ಟಿಯಾಗಿ, ಬೇಕು ಎಂದ. ಒಂದರ ಹಿಂದೆ ಒಂದು ಮೂರು. ಊರಿನ ಲೆಕ್ಕದಲ್ಲಿ ಅಷ್ಟು ಸಾಕು. ಹೆಂಗಸರ ಗುಂಪಿನಲ್ಲಿ ಯಾರೋ ಕಿಸಕ್ಕೆಂದರು. ಬೇಕಾದರೆ ಈಗ ತುಂಡು ಎಸೆದು ನಿನ್ನ ತಪ್ಪಿಗೆ ಕ್ಷಮೆ ಕೇಳಿಕೋ, ಅದು ನಿನಗೂ ಓಂಗ್ಯಾನಿಗೂ ಇರುವ ವ್ಯವಹಾರ ಎಂದು ಬೋಂಗ್ಚೀ ಎದ್ದಳು. ಬುನ್ಪಿನ್ ಎಸೆದ. ಎರಡೂ ಅಂಗಾತ ಬಿದ್ದು ಬಹಳ ಹೊತ್ತು ತೂಗಿದವು.

ಮೇಳವನ್ನು ಕೂಡಿಸುವುದೇ ಒಂದು ಆಟವಾಯಿತು. ರಾಣಿಯ ವೇಷದವಳು ತಿಂಡಿ ಅಂಗಡಿಯಲ್ಲಿ ಮೊಟ್ಟೆ ದೋಸೆ ಹುಯ್ಯುತ್ತಿದ್ದಳು, ಏಪ್ರನ್ ಕಟ್ಟಿಕೊಂಡೇ ಸ್ಕೂಟರಿನಲ್ಲಿ ಬಂದಳು. ದುಷ್ಟ ಮಾವ ಮೀನಿನ ಕೊಳದಲ್ಲಿ ಸೊಂಟದವರೆಗೆ ನೀರಲ್ಲಿದ್ದ. ವಿದೂಷಕ ಟ್ಯಾಕ್ಸಿ ಓಡಿಸುತ್ತಾನೆ. ಪ್ರಯಾಣಿಕನನ್ನು ಇಳಿಸಿ ಬರಲು ಹೊತ್ತಿಲ್ಲದೆ ಅವನನ್ನೂ ಜೊತೆಗೇ ತಂದ. ಪಾಪ, ಯಾವುದೋ ಕಂಪನಿಯ ಮಾರಾಟಗಾರ, ಟೈ ಕಟ್ಟಿಕೊಂಡಿದ್ದ. ಕಿಮ್ಸಾಯ್ ಬಾಯಿ ಒರೆಸಿಕೊಂಡು ಬಂದು, ಲಾರಿಯನ್ನು ಹಿಂದಕ್ಕೆ ತೆಗೆದು ಕಪ್ಪು ಪರದೆಯ ಮುಂದೆ ನಿಲ್ಲಿಸಿ, ಪಕ್ಕವನ್ನು ದಡಾರನೆ ಬಿಚ್ಚಿದ. ಸೈನಿಕರು ಕಡಿಮೆ ಎಂದು ಟೈ ಕಟ್ಟಿದವನ ಕೈಗೆ ಒಂದು ಬಾವುಟ ಕೊಟ್ಟರು. ಅವನು ಆಟ ಮುಗಿಯುವವರೆಗೆ ಅದನ್ನು ಇಳಿಸಲಿಲ್ಲವಂತೆ. ಅಂಥ ನಿಷ್ಠೆಯ ಸೈನಿಕನನ್ನು ಮೇಳ ಕಂಡಿದ್ದೇ ಇಲ್ಲ.

ಅಮರರು ಈ ಸಲ ಮೂವರೇ. ಹೈಬೆಯ ಬಲೆಗಳು ತುಂಬಲಿ ಎಂದರು. ಹೈಬೆಯ ಸಿಂಪಿಗಳು ಕೊಬ್ಬಲಿ ಎಂದರು. ಗೂಟಗಳ ವಿಷಯ ಬಂದಾಗ ಬೋಂಗ್ಚೀ ಒಡೆದ ದನಿಯಲ್ಲಿ, ಯಾರ ಗೂಟ ಎಲ್ಲಿತ್ತೋ ಅಲ್ಲೇ ಇರಲಿ ಎಂದು ಸೇರಿಸಿದಳು. ಅಂಗಳ ಹೋ ಎಂದಿತು. ಆಮೇಲೆ ಗೊಂಬೆ ಮಗುವನ್ನು ಎತ್ತಿಕೊಂಡು ಇಳಿದು, ಬಿಸಿಲು ದಾಟಿ, ಓಂಗ್ಯಾನ ಎದುರು ಮೇಜಿನ ಮೇಲೆ ಕೂರಿಸಿ, ಮಗುವಿನ ಕೆಂಪು ಬಟ್ಟೆ ಸರಿಮಾಡುತ್ತ ಮೆಲ್ಲಗೆ ಹೇಳಿದಳು.

"ಈ ಸಲ ನಿನ್ನನ್ನ ಮಧ್ಯಕ್ಕೆ ಎಳೀಲಿಲ್ಲ ನೋಡು. ನೆನಪಿಟ್ಕೋ."

ಆವತ್ತಿನ ಪ್ರಸಂಗವನ್ನು ಕಿಮ್ಸಾಯ್ ಲಾರಿಯ ಮೆಟ್ಟಿಲ ಮೇಲೆ ನಿಂತೇ ಹೇಳಿದ. ರಾಜನೊಬ್ಬ ಸೇನಾಪತಿಗೆ ಯಾಕೆ ಸುಮ್ಮನೆ ಅನ್ನ ಎಂದು ಅವನನ್ನು ತೆಗೆದುಹಾಕಿ, ಅವನ ಚಿತ್ರ ಬರೆಸಿ ಕೋಟೆಯ ಬಾಗಿಲಿಗೆ ತೂಗುಹಾಕುತ್ತಾನೆ. ಚಿತ್ರ ಬಲು ಚೆನ್ನಾಗಿದೆ, ಉಣ್ಣುವುದಿಲ್ಲ, ಮುದಿಯಾಗುವುದಿಲ್ಲ. ಶತ್ರುಗಳು ಬರುತ್ತಾರೆ. ಉಳಿದದ್ದನ್ನು ನೀವು ನೋಡಿಕೊಳ್ಳಿ ಎಂದು ಬಿಟ್ಟ. ಅವರು ನೋಡಿಕೊಂಡರು. ರಾಜ ಚಿತ್ರದ ಕಾಲಿಗೆ ಬಿದ್ದು ಇಳಿದು ಬಾರಪ್ಪ ಎಂದು ಗೋಗರೆಯುವಾಗ ಬುನ್ಪಿನ್ ಎಲ್ಲರಿಗಿಂತ ಜೋರಾಗಿ ನಕ್ಕ. ಆಪೂ ಅಜ್ಜಿ ಅವನ ಕಡೆ ನೋಡಿದ ಮೇಲೆ ಅರ್ಧಕ್ಕೆ ನಿಲ್ಲಿಸಿದ.

ಬಿಸಿಲು ಇಳಿಯಿತು. ಬೋಂಗ್ಚೀ ಲಾರಿಯ ಹಿಂದೆ ತಗಡಿನ ಡಬ್ಬದ ಮೇಲೆ ಕೂತು, ಕವಚ ಬಿಚ್ಚಿಸಿಕೊಂಡು, ಒಂದು ಬಾಟಲಿ ನೀರನ್ನು ಗಟಗಟನೆ ಕುಡಿದಳು. ಎಣ್ಣೆ ಹಚ್ಚಿ ಬಣ್ಣ ತೆಗೆಯತೊಡಗಿದಳು. ಒಳಗೆ ಮುಂದಿನ ವರ್ಷದ ಯಜಮಾನನ ಆಯ್ಕೆ ಶುರುವಾಗಿತ್ತು. ಕಲ್ಲು ಹಾಸಿನ ಮೇಲೆ ಮರದ ತುಂಡು ಬೀಳುವ ಸದ್ದು, ಟಕ್, ಟಕ್, ನಡುವೆ ಜನರ ಉದ್ಗಾರ. ಯಾರಿಗೆ ಬೇಕಾದರೂ ಬೀಳಬಹುದು. ಯಾರಿಗೆ ಎಂಥ ಭಾವಮೈದುನನಿದ್ದಾನೋ.

ಸದ್ದು ನಿಂತ ಮೇಲೆ ಕಿಮ್ಸಾಯ್ ಬಂದ. ಶಾಲೆಯ ಬಸ್ ಓಡಿಸುವವನಿಗೆ ಬಿತ್ತಂತೆ, ಅವನನ್ನು ತಾನು ಸರಿಯಾಗಿ ಕಂಡವನೂ ಅಲ್ಲ ಎಂದ. ಬುನ್ಪಿನ್ ಅವನನ್ನು ಕಂಬದ ಪಕ್ಕಕ್ಕೆ ಕರೆದುಕೊಂಡು ಹೋಗಿ ಕಿವಿಯಲ್ಲಿ ಏನೋ ಹೇಳುತ್ತಿದ್ದುದನ್ನು ಮಾತ್ರ ನೋಡಿದನಂತೆ.

"ಏನು ಹೇಳ್ತಿದ್ದ?"

"ನಂಗೆ ಕೇಳಿಸ್ಲಿಲ್ಲ ಅಕ್ಕ. ಆಪೂ ಅಜ್ಜಿ ಪಕ್ಕದಲ್ಲೇ ನಿಂತಿದ್ಲು."

"ಅವಳಿಗೆ ಒಂದು ಕಿವಿ ಮಂದ."

"ಮಂದ ಇಲ್ಲದ ಕಿವಿ ಆ ಕಡೆಗಿತ್ತು," ಎಂದ ಕಿಮ್ಸಾಯ್.

ಬೋಂಗ್ಚೀ ಉಳಿದ ಅರ್ಧ ಮುಖದ ರಾಜಕುಮಾರನನ್ನೂ ಒರೆಸಿದಳು. ಹಾಗಾದರೆ ಮಾವಿನಹಣ್ಣಿನವನಿಗೆ ಬೇರೆ ಲಾರಿ ನೋಡಿಕೊಳ್ಳಲು ಹೇಳು ಎಂದು, ಕಂಬಿ ಹಿಡಿದು ಲಾರಿ ಹತ್ತಿದಳು.